ಮಿಟ್ಟದ ಚರ್ಚಿನ ಚಾಕಿಯಮ್ಮ

ಇನ್ನೂ ಎದುರಿನವರ ಮುಖ ಕಾಣದಷ್ಟು ಮಬ್ಬು. ಎರ್ರಕುಂಟೆಯ ಊರಾಚೆ, ಮಿಟ್ಟದ ಮೇಲಿನ ಹಳೆಯ ಮಿಷನ್ ಚರ್ಚಿನ ಬಾಗಿಲ ಮುಂದೆ ಮುನಿಯಲ್ಲಮ್ಮ ನಿಂತಿದ್ದಾರೆ. ಬೀಗ ತೆಗೆದಾಗಿದೆ, ಬಾಗಿಲು ಮಾತ್ರ ತೆಗೆದಿಲ್ಲ. ಎರಡು ಕದಗಳ ನಡುವಿನ ಸಂದಿಗೆ ಮೂಗು ಹಿಡಿದು ಉಸಿರೆಳೆದುಕೊಳ್ಳುತ್ತಾರೆ. ಸ್ವಲ್ಪ ತಡೆದು ಇನ್ನೊಮ್ಮೆ. ಹಸಿ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಆರಿದ ಇದ್ದಿಲಿನ ವಾಸನೆ. ಬೇರೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೈಕಾಲು ತೊಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗಾಲಿಟ್ಟು ಒಳಗೆ ಹೋಗುತ್ತಾರೆ.

ಒಳಗೆ ತಂಪು. ಎರಡು ಮೊಳ ದಪ್ಪದ ಕಲ್ಲುಗೋಡೆ, ಕಮಾನಿನ ಕಿಟಕಿಗಳು, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದಲ್ಲಿ ಹೆಂಚಿನ ಮಾಡು. ಪಾದ್ರಿ ನಿಂತು ಬೋಧನೆ ಮಾಡುತ್ತಿದ್ದ ಕಟ್ಟೆಯ ಮೇಲೆ ಈಗ ಬಿದಿರಿನ ಅಟ್ಟಣೆ. ಇರುವೆ ಹತ್ತದಂತೆ ಅದರ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದೆ. ಅಟ್ಟಣೆಯ ತುಂಬ ತಟ್ಟೆಗಳು, ತಟ್ಟೆಗಳ ತುಂಬ ಈಗಷ್ಟೇ ಮೊಟ್ಟೆಯೊಡೆದ ರೇಷ್ಮೆ ಹುಳು. ಕಪ್ಪು ದಾರವನ್ನು ಸಣ್ಣಗೆ ಕತ್ತರಿಸಿ ಚೆಲ್ಲಿದ ಹಾಗಿದೆ. ಮುನಿಯಲ್ಲಮ್ಮ ಕೋಳಿಪುಕ್ಕವೊಂದನ್ನು ಹಿಡಿದು, ಮೊಟ್ಟೆಯ ಹಾಳೆಗೆ ಅಂಟಿಕೊಂಡ ಮರಿಗಳನ್ನು ಸೊಪ್ಪಿನ ಮೇಲೆ ಇಳಿಸುತ್ತಾರೆ. ಪುಕ್ಕ ಹುಳುವಿಗೆ ತಾಕಿತೋ ಇಲ್ಲವೋ ಅನ್ನುವಷ್ಟು ಹಗುರ.

"ಉಸಿರು ಜೋರಾಗಿ ಬಿಟ್ರೆ ಹಾರಿ ಹೋಗ್ತವೆ. ಮಾತಾಡೋ ಹಂಗಿದ್ರೆ ಮುಖ ಆ ಕಡೆ ತಿರುಗಿಸ್ಕೊಂಡು ಮಾತಾಡಿ" ಅನ್ನುತ್ತಾರೆ, ತಾವೂ ಬೆನ್ನು ಹಾಕಿಕೊಂಡೇ.

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಿಂದ ಆಂಧ್ರದ ಗಡಿಯ ಕಡೆಗೆ ಹೋಗುವ ಮಣ್ಣುದಾರಿಯಲ್ಲಿ ಎರ್ರಕುಂಟೆ ಸಿಗುತ್ತದೆ. ಇಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ದಿಣ್ಣೆಗೆ ಮಿಟ್ಟ ಅನ್ನುತ್ತಾರೆ. ರಾಗಿಯ ಜೊತೆಗೆ ಹಿಪ್ಪುನೇರಳೆಯನ್ನೂ ಹಾಕಿಕೊಂಡ ಮನೆಗಳು ಈಗ ಬಹಳ. ಎಳೆಯ ಹುಳುವನ್ನು ಮನೆಮನೆಯಲ್ಲಿ ಸಾಕುವುದು ಕಷ್ಟ. ಬಿಸಿಲು ಹೆಚ್ಚಾದರೆ ಸಾಯುತ್ತದೆ, ಗಾಳಿ ಒಣಗಿದರೆ ಸಾಯುತ್ತದೆ. ಅದಕ್ಕೇ ಊರಿನ ಮೊಟ್ಟೆಯನ್ನೆಲ್ಲ ಒಂದು ಕಡೆ ಮರಿ ಮಾಡಿಸಿ, ಹುಳು ಗಟ್ಟಿಯಾದ ಮೇಲೆ ರೈತರಿಗೆ ಹಂಚುವ ಏರ್ಪಾಡು. ಹೀಗೆ ಎಳೆಹುಳು ಸಾಕುವುದಕ್ಕೆ ಚಾಕಿ ಅನ್ನುತ್ತಾರೆ. ಆ ಕೆಲಸ ಮಾಡುವ ಮುನಿಯಲ್ಲಮ್ಮ ಊರಿಗೆಲ್ಲ ಚಾಕಿಯಮ್ಮ.

ದಿನಕ್ಕೆ ನಾಲ್ಕು ಸಲ ಮೇವು. ಗಿಡದ ತುದಿಯ ಎಳೆ ಎಲೆಯನ್ನೇ ಆರಿಸಿ, ಕೊತ್ತಂಬರಿಗಿಂತ ಸಣ್ಣಗೆ ಹೆಚ್ಚಿ ಉದುರಿಸಬೇಕು. ಹುಳು ಪೊರೆ ಬಿಡುವ ಮುಂಚೆ ಮೇಯುವುದು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ಜ್ವರ ಅಂತ ಹೆಸರು. ಎರಡು ಜ್ವರ ದಾಟಿದ ಹುಳುವನ್ನು ರೈತರ ಕೈಗೆ ಕೊಟ್ಟರೆ ಚಾಕಿಯಮ್ಮನ ಕೆಲಸ ಮುಗಿಯಿತು. ಮುಂದೆ ಗೂಡು ಕಟ್ಟಿ, ಗಾಡಿಯಲ್ಲಿ ಮಾರುಕಟ್ಟೆಗೆ ಹೋಗುವ ಹೊತ್ತಿಗೆ ರೈತ ತನ್ನ ಸೊಪ್ಪಿನ ಮಾತಾಡುತ್ತಾನೆ, ಮಳೆಯ ಮಾತಾಡುತ್ತಾನೆ. ಕೈಯಲ್ಲಿ ಪುಕ್ಕ ಹಿಡಿದು ನಿಂತಿದ್ದವಳ ಹೆಸರು ಎಲ್ಲೂ ಬರುವುದಿಲ್ಲ.

ಆ ಹೆಸರು ಊರಿನ ಬಾಯಿಗೆ ಬಂದ ಕಾಲವೂ ಒಂದಿತ್ತು. ಆಗ ಬಂದ ರೀತಿ ಒಳ್ಳೆಯದಲ್ಲ. ಅದನ್ನು ಹೇಳಬೇಕಾದರೆ ಈ ಕಟ್ಟಡದ ಕಥೆಯನ್ನೂ ಹೇಳಬೇಕು.

ಚರ್ಚಿಗೆ ಸೇರಿದವರು ಅಂತ ಊರಿನಲ್ಲಿ ಉಳಿದಿರುವುದು ಆಶೀರ್ವಾದಪ್ಪನವರ ಮನೆ ಒಂದೇ. ತುಂಬ ವಯಸ್ಸಾಗಿದೆ, ಕಿವಿ ಮಂದ. ಆದರೆ ಚರ್ಚಿನ ಮಾತು ತೆಗೆದರೆ ಎದ್ದು ಕೂರುತ್ತಾರೆ. ನೂರು ವರ್ಷದ ಹಿಂದಿನ ದೊಡ್ಡ ಬರಗಾಲದಲ್ಲಿ ಮಿಷನ್ನಿನ ದೊರೆಯೊಬ್ಬರು ಇದೇ ಮಿಟ್ಟದ ಮೇಲೆ ತಬ್ಬಲಿ ಮಕ್ಕಳಿಗೆ ಗಂಜಿ ಕಾಯಿಸಿ ಹಾಕಿದರಂತೆ. ಬದುಕುಳಿದ ಮಕ್ಕಳು ದೊಡ್ಡವರಾಗಿ ಕಲ್ಲು ಹೊತ್ತು ಕಟ್ಟಿದ್ದು ಈ ಚರ್ಚು. ದೊರೆಯ ಹೆಂಡತಿ ಕಾಲರಾದಲ್ಲಿ ತೀರಿಕೊಂಡರು. ಅವರ ಗೋರಿ ಗೋಡೆಯ ಪಕ್ಕದಲ್ಲೇ ಇದೆ. ಆಮೇಲೆ ಒಳಗೆ ಶಾಲೆ ನಡೆಯಿತು. ಚರ್ಚಿನ ಜನ ಒಬ್ಬೊಬ್ಬರಾಗಿ ಚಿನ್ನದ ಗಣಿಗೆ ಹೋದರು, ಕೋಲಾರದ ಆಸ್ಪತ್ರೆ ಕೆಲಸಕ್ಕೆ ಹೋದರು. ಪಾದ್ರಿ ಬರುವುದು ಕ್ರಿಸ್‌ಮಸ್ಸಿಗೆ ಮಾತ್ರ ಎಂದಾಯಿತು. ಶಾಲೆಗೆ ಬೇರೆ ಕಟ್ಟಡ ಬಂತು. ಬಾವಲಿಗಳು ಒಳಗೆ ಸೇರಿಕೊಳ್ಳುವ ಮುಂಚೆ ಊರಿನ ಸೊಸೈಟಿಯವರು ಬಾಡಿಗೆಗೆ ತೆಗೆದುಕೊಂಡರು.

"ದೇವರ ವಾಕ್ಯ ಓದೋ ಜಾಗದಲ್ಲಿ ಗೊಬ್ಬರದ ಮೂಟೆ ಇಟ್ರು. ನಾನೇನ್ ಹೇಳ್ಲಿ? ಬ್ಯಾಡ ಅನ್ನೋಕೆ ಇದ್ದೋರು ನಾನೂ ನಮ್ಮ ಮನೆಯವಳೂ. ಬೆಂಚಾದ್ರೂ ಆಚೆ ಇಡ್ರಪ್ಪಾ ಅಂದೆ. ಮೂಟೆಗೆ ನೆಲದ ತೇವ ಹತ್ತಬಾರ್ದು ತಾತಾ, ಬೆಂಚು ಬೇಕು ಅಂದ್ರು" ಅನ್ನುತ್ತಾರೆ ಆಶೀರ್ವಾದಪ್ಪ.

ಜನ ಕುಳಿತು ಹಾಡುತ್ತಿದ್ದ ತೇಗದ ಬೆಂಚುಗಳ ಮೇಲೆ ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ಯೂರಿಯಾ ಕುಳಿತಿತು, ಬೆಳೆಗೆ ಹಾಕುವ ಹುಳದ ಪುಡಿ ಕುಳಿತಿತು. ಕೆಲವು ವರ್ಷದಲ್ಲಿ ಸೊಸೈಟಿಯವರು ರಸ್ತೆ ಬದಿಯಲ್ಲಿ ಸ್ವಂತ ಗೋಡೌನು ಕಟ್ಟಿಕೊಂಡು ಹೋದರು. ಖಾಲಿ ಬಿದ್ದ ಚರ್ಚನ್ನು ಊರಿನವರು ಗುಡಿಸಿ, ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ ಬಾಲವಾಡಿ ಮಾಡಿದರು.

ಅಲ್ಲಿಗೆ ಆಯಾ ಆಗಿ ಬಂದವರು ಮುನಿಯಲ್ಲಮ್ಮ. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಗಂಡ ಬಾವಿ ತೋಡುವ ಕೂಲಿ, ಮಕ್ಕಳಾಗಿರಲಿಲ್ಲ. ಊರಿನ ಮಕ್ಕಳೆಲ್ಲ ಒಟ್ಟಿಗೇ ಮಡಿಲಿಗೆ ಬಿದ್ದ ಹಾಗಾಯಿತು. ಬೆಳಗಾಗುವ ಮುಂಚೆ ಹೋಗಿ ಗುಡಿಸುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು, ಮಧ್ಯಾಹ್ನ ಮಲಗಿಸುವುದು. ಕಲ್ಲಿನ ನೆಲ ತಣ್ಣಗೆ ಕೊರೆಯುತ್ತಿತ್ತು. ಮಕ್ಕಳಿಗೆ ಶೀತ ಆದೀತೆಂದು ಎರಡೆರಡು ಬೆಂಚು ಜೋಡಿಸಿ, ಅದರ ಮೇಲೆ ಮಲಗಿಸುವುದನ್ನು ಅವರೇ ಶುರುಮಾಡಿದರು. ಯಾರೂ ಹೇಳಿರಲಿಲ್ಲ. ಪ್ರೀತಿಗೆ ಮಾಡಿದ್ದು.

ಒಳಗೆ ಒಂದು ವಾಸನೆ ಇತ್ತು. ಮುಗ್ಗಲಿಗೂ ಕರ್ಪೂರಕ್ಕೂ ನಡುವಿನ ಒಂದು ತರಹ. ಮಳೆ ಬಂದಾಗ ಜಾಸ್ತಿ. "ಅದು ದೊರೆಸಾನಿ ಸೆಂಟು ಕಣೇ" ಅಂತ ಹೆಂಗಸರು ಹೇಳುತ್ತಿದ್ದರು. ಗೋರಿಯಲ್ಲಿ ಮಲಗಿರುವ ಬಿಳಿ ಹೆಂಗಸು ಸಾಯಂಕಾಲ ಎದ್ದು ಸೆಂಟು ಹಾಕಿಕೊಂಡು ಒಳಗೆ ಓಡಾಡುತ್ತಾಳೆ ಅಂತ. ಮೊದಮೊದಲು ಅದು ತಮಾಷೆ. "ನಮಗೆ ಸೋಪು ಕೊಳ್ಳೋ ಯೋಗ್ತೆ ಇಲ್ಲ, ಸತ್ತೋಳು ಸೆಂಟು ಹಾಕ್ಕೋತಾಳೆ ನೋಡು" ಎಂದು ನಗುತ್ತಿದ್ದರು. ಮುನಿಯಲ್ಲಮ್ಮನೂ ನಕ್ಕವರೇ.

ಆಮೇಲೆ ಮಕ್ಕಳು ವಾಂತಿ ಮಾಡಿಕೊಳ್ಳತೊಡಗಿದವು. ಕಣ್ಣು ಕೆಂಪು, ಮೈ ನಡುಕ. ಒಂದು ಮಗು ಮೇಲೆ ಮೇಲೆ ಬೆಚ್ಚುವುದು, ಇನ್ನೊಂದು ಊಟವನ್ನೇ ಬಿಡುವುದು. ಗಂಗುಲಪ್ಪನ ಮೂರು ವರ್ಷದ ಮಗನಿಗೆ ಫಿಟ್ಸ್ ಬಂತು. ಅದೇ ವಾರ ಬೆಳಗ್ಗೆ ಗುಡಿಸುತ್ತಿದ್ದ ಮುನಿಯಲ್ಲಮ್ಮ ಪಾದ್ರಿ ಕಟ್ಟೆಯ ಮುಂದೆ ಬಿದ್ದರು. ಹಲ್ಲು ಕಚ್ಚಿಕೊಂಡಿತ್ತು, ಬಾಯಲ್ಲಿ ನೊರೆ. ಎಚ್ಚರವಾದಾಗ ಸುತ್ತ ಊರೇ ನಿಂತಿತ್ತು.

"ಹಿಡ್ಕೊಂಡ್ಬಿಟ್ಲು" ಎಂದಿದ್ದು ಯಾರೋ ಗೊತ್ತಿಲ್ಲ. ಅಷ್ಟು ಸಾಕಾಯಿತು. ದೊರೆಸಾನಿ ಮೊದಲು ಆಯಾಳನ್ನು ಹಿಡಿದಿದ್ದಾಳೆ, ಇವಳ ಕೈಯಿಂದ ಮಕ್ಕಳಿಗೆ ದಾಟಿದ್ದಾಳೆ. ಊರು ಒಂದೇ ಮಾತಿನಲ್ಲಿ ಒಪ್ಪಿಕೊಂಡಿತು. ಗಂಗುಲಪ್ಪನ ಹೆಂಡತಿ ದೊಡ್ಡಗಂಗಮ್ಮ ಬೇವಿನ ಕಡ್ಡಿಗಳ ಬರಲು ಹಿಡಿದು ಬಂದರು. ಮಗುವಿಗೆ ಫಿಟ್ಸ್ ಬಂದ ತಾಯಿ. ಅವರ ಕೈಗೆ ತಡೆಯಿರಲಿಲ್ಲ.

"ಹೊಡೆದ್ಲು. ನಾನೂ ಹೊಡೆಸ್ಕೊಂಡೆ. ನಂಗೂ ಹಂಗೇ ಅನ್ನಿಸಿತ್ತು ನೋಡಿ. ನನ್ನೊಳಗೇ ಯಾರೋ ಅವಳೆ, ನನ್ನಿಂದಾನೇ ಮಕ್ಕಳು ಹಿಂಗಾಗ್ತಾವೆ ಅಂತ. ಇನ್ನೆರಡು ಹಾಕು ದೊಡ್ಡಗಂಗಕ್ಕ, ಬಿಟ್ಟು ಹೋಗ್ಲಿ ಅಂದೆ" ಅನ್ನುತ್ತಾರೆ ಮುನಿಯಲ್ಲಮ್ಮ. ಹೇಳುವಾಗ ಧ್ವನಿ ಏರುವುದಿಲ್ಲ. ಕೇಳುವವರಿಗೇ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಅವರನ್ನೂ ಮಕ್ಕಳನ್ನೂ ಗಡಿಯಾಚೆಯ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಅವನು ಮಕ್ಕಳಿಗೆ ಹೊಗೆ ಹಿಡಿದ, ಮುನಿಯಲ್ಲಮ್ಮನ ನೆತ್ತಿಯ ಕೂದಲು ಕಿತ್ತು ಮರಕ್ಕೆ ಮೊಳೆ ಹೊಡೆದ. ಚರ್ಚಿಗೆ ಬೀಗ ಬಿತ್ತು, ಬಾಲವಾಡಿ ಮುಚ್ಚಿತು. ಮತ್ತೆ ಫಿಟ್ಸ್ ಬರಲಿಲ್ಲ, ಮಕ್ಕಳೂ ಚೇತರಿಸಿಕೊಂಡವು. ಮಂತ್ರವಾದಿಯ ಹೆಸರು ದೊಡ್ಡದಾಯಿತು. ಮುನಿಯಲ್ಲಮ್ಮನ ಹೆಸರು ಮಾತ್ರ ಹಾಳಾಯಿತು. ತಾಯಂದಿರು ಅವರು ಎದುರು ಬಂದರೆ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಹುಳುಮನೆಗಳಲ್ಲಿ ಕೂಲಿ ಕೇಳಿದರೆ, ಗಾಳಿ ಹಿಡಿದವಳ ನೆರಳು ಹುಳುವಿನ ಮೇಲೆ ಬೀಳಬಾರದೆಂದು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದರು. ಬಾವಿಕಟ್ಟೆಯಲ್ಲಿ ನಗು. "ಏನೇ ದೊರೆಸಾನಿ, ಇಂಗ್ಲೀಷಲ್ಲಿ ಒಂದು ಮಾತು ಹೇಳೇ, ಕೇಳೋಣ."

ಅವರು ಕಲ್ಲು ಹೊತ್ತರು, ಪರ ಊರಿನಲ್ಲಿ ಕಳೆ ಕಿತ್ತರು. ಹೀಗೇ ವರ್ಷಗಳು ಹೋದವು.

ಎಂಬತ್ತರ ದಶಕದ ಶುರುವಿನಲ್ಲಿ ರೇಷ್ಮೆ ಇಲಾಖೆಯಿಂದ, ರೈತರಿಗೆ ಹುಳು ಸಾಕುವುದನ್ನು ತೋರಿಸಿಕೊಡುವ ಕದಿರೇಶ ಎಂಬ ಪ್ರದರ್ಶಕರು ತಾಯಲೂರಿನ ಕಡೆಗೆ ಬಂದರು. ಚಾಕಿ ಕೇಂದ್ರಕ್ಕೆ ತಂಪಾದ ಕಟ್ಟಡ ಹುಡುಕುತ್ತಿದ್ದವರಿಗೆ ಚರ್ಚನ್ನು ನೋಡಿ ಕಣ್ಣರಳಿತು. ಕಟ್ಟಡ ಸಿಕ್ಕಿತು, ಕೆಲಸದವರು ಸಿಗಲಿಲ್ಲ. ಎಷ್ಟು ಕೊಟ್ಟರೂ ಆ ಬಾಗಿಲು ದಾಟಲು ಒಬ್ಬ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಮುನಿಯಲ್ಲಮ್ಮ ತಾವಾಗಿಯೇ ಹೋಗಿ ನಿಂತರು.

"ನಂಗೆ ಹೆಂಗೂ ಒಂದ್ಸಲ ಹಿಡ್ದಾಗಿದೆ ಸಾರ್. ಹಿಡ್ದೋಳ್ನೇ ಇನ್ನೊಂದ್ಸಲ ಏನ್ ಹಿಡೀತಾಳೆ, ನಾನೇ ಮಾಡ್ತೀನಿ ಅಂದೆ. ಅವ್ರು ನಕ್ಬಿಟ್ರು. ನಂಗೆ ನಗು ಬರ್ಲಿಲ್ಲ."

ಕದಿರೇಶ ಕೆಲಸ ಕಲಿಸಿದರು, ಇವರು ಕಲಿತರು. ಬೆಂಚುಗಳನ್ನು ಕಟ್ಟಡದ ಹಿಂಬದಿಯ ಪಾದ್ರಿ ಕೋಣೆಗೆ ಒಟ್ಟಿ, ಬಿದಿರಿನ ಅಟ್ಟಣೆ ಕಟ್ಟಿದರು. ಹುಳು ಚೆನ್ನಾಗಿ ಬಂತು. ಕ್ರಿಸ್‌ಮಸ್ ದಿನ ಪಾದ್ರಿ ಬಂದರೆ ಮೇಣದ ಬತ್ತಿಯ ಹೊಗೆ ಹುಳುವಿಗೆ ಆಗದೆಂದು ಆಶೀರ್ವಾದಪ್ಪನ ಮನೆಯವರು ಮಿಟ್ಟದ ಹುಣಸೆಮರದ ಕೆಳಗೆ ಪ್ರಾರ್ಥನೆ ಮಾಡಿಕೊಂಡರು. ಊರಿನವರು ಮೊಟ್ಟೆ ಕೊಟ್ಟರು, ಹುಳು ಒಯ್ದರು. ಆದರೆ ಒಂದು ಕಟ್ಟು ಇಟ್ಟುಕೊಂಡರು. ಮುನಿಯಲ್ಲಮ್ಮ ತಟ್ಟೆಯನ್ನು ಬಾಗಿಲ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯಬೇಕು. ಅವರು ಒಳಗೆ ಹೋದ ಮೇಲೆ ರೈತರು ಬಂದು ಅರಿಶಿನದ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ತಟ್ಟೆ ಕೈಯಿಂದ ಕೈಗೆ ಹೋಗುವಂತಿಲ್ಲ.

ಎರಡು ವರ್ಷದ ಹಿಂದೆ, ಮಳೆ ಚೆನ್ನಾಗಿ ಹಿಡಿದು ಹಿಪ್ಪುನೇರಳೆ ಸೊಂಪಾಗಿ ಚಿಗುರಿತ್ತು. ಎಲ್ಲರೂ ಹೆಚ್ಚು ಮೊಟ್ಟೆ ಹಾಕಿಸಿದರು. ಅಟ್ಟಣೆ ಸಾಲಲಿಲ್ಲ. ಸದ್ಯಕ್ಕೆ ಏನಾದರೂ ಹೊಂದಿಸಿಕೊಳ್ಳಮ್ಮ ಎಂದರು ಕದಿರೇಶ. ಮುನಿಯಲ್ಲಮ್ಮ ಪಾದ್ರಿ ಕೋಣೆ ತೆಗೆದು ಬೆಂಚುಗಳನ್ನು ಹೊರಗೆಳೆದರು. ಸೀಗೆಪುಡಿ ಹಾಕಿ ಉಜ್ಜಿದರು, ಬಿಸಿಲಿಗೆ ಒಣಗಿಸಿದರು. ಗಾಳಿ ಒಣಗದಿರಲೆಂದು ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ತಟ್ಟೆ ಜೋಡಿಸಿದರು. ಮಳೆಗಾಲದ ಥಂಡಿಗೆ ಮೂಲೆಯಲ್ಲಿ ಇದ್ದಿಲ ಒಲೆ ಬೆಚ್ಚಗೆ ಉರಿಯುತ್ತಿತ್ತು.

ಮಾರನೆಯ ಬೆಳಗ್ಗೆ ಬಾಗಿಲು ತೆಗೆದವರು ಅಲ್ಲೇ ನಿಂತುಬಿಟ್ಟರು. ಬೆಂಚಿನ ಮೇಲಿನ ತಟ್ಟೆಗಳಲ್ಲಿ ಹುಳುಗಳು ತಲೆಯನ್ನು ಅತ್ತಿತ್ತ ಒದರುತ್ತಿದ್ದವು. ಬಾಯಿಂದ ಹಸಿರು ನೀರು. ಅರ್ಧಕ್ಕರ್ಧ ಆಗಲೇ ಸುರುಟಿಕೊಂಡು ಸತ್ತಿದ್ದವು. ಒಂದು ತಟ್ಟೆ, ಪಕ್ಕದ ತಟ್ಟೆ, ಅದರಾಚೆಯದು. ನೋಡುತ್ತ ಹೋದ ಹಾಗೆ ಅದೇ, ಅದೇ.

"ಬಾಗಿಲು ಹಾಕ್ಕೊಂಡು ತವರಿಗೆ ಓಡಿಹೋಗೋಣ ಅನ್ನಿಸ್ತು. ಆಮೇಲೆ ಊರೊಳಕ್ಕೆ ನಾನೇ ನಡ್ಕೊಂಡು ಹೋಗಿ, ಬನ್ರಪ್ಪಾ, ಹುಳ ಹೋಯ್ತು ಅಂದೆ."

ಊರು ಮಿಟ್ಟ ಹತ್ತಿತು. ಮುಂದೆ ಗಂಗುಲಪ್ಪ, ಹಿಂದೆ ದೊಡ್ಡಗಂಗಮ್ಮ. ಕದಿರೇಶರಿಗೆ ಹೇಳಿಕಳಿಸಿದ್ದರಿಂದ ಅವರೂ ತಾಯಲೂರಿನಿಂದ ಸೈಕಲ್ ತುಳಿದುಕೊಂಡು ಬಂದರು. ತಟ್ಟೆ ನೋಡಿದ ಅವರ ಮುಖ ಕಪ್ಪಿಟ್ಟಿತು.

"ಇದು ರೋಗ ಅಲ್ಲ. ವಿಷ ಬಿದ್ದಿದೆ. ಯಾರಾದ್ರೂ ಮದ್ದು ಹೊಡೆದ ತೋಟದ ಸೊಪ್ಪು ಕೊಟ್ರಾ?"

"ವಿಷಾನೂ ಇಲ್ಲ, ಮಣ್ಣೂ ಇಲ್ಲ ಸಾರ್. ಅವಳೇ" ಎಂದರು ಗಂಗುಲಪ್ಪ.

"ಯಾರು?"

"ದೊರೆಸಾನಿ. ಇವಳ್ನ ಬಿಟ್ಟಿಲ್ಲ ಅವಳು. ಮಕ್ಕಳಾಯ್ತು, ಈಗ ಹುಳ."

"ಸೊಪ್ಪು ಎಲ್ಲಕ್ಕೂ ಒಂದೇ ಸಾರ್" ಎಂದರು ಮುನಿಯಲ್ಲಮ್ಮ, ಗೋಡೆಗೆ ಒರಗಿಕೊಂಡು. "ಅಟ್ಟಣೆ ಮೇಲಿನವು ಬದುಕವೆ, ನೋಡಿ."

ನಿಜವಾಗಿಯೂ ಅಟ್ಟಣೆಯ ಹುಳುಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಕದಿರೇಶರಿಗೂ ಬುದ್ಧಿ ಓಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಗಂಗಮ್ಮ ಮೂಗಿಗೆ ಸೆರಗು ಹಿಡಿದು, "ನೋಡೋದೇನೈತೆ, ಸೆಂಟು ಹೊಡೀತಾ ಐತಲ್ಲ, ಮೂಗಿಲ್ವಾ ನಿಮ್ಗೆಲ್ಲ. ಅವತ್ತೂ ಇದೇ ವಾಸನೆ" ಎಂದರು.

ಗಂಗುಲಪ್ಪ ಸಿಟ್ಟಿನಲ್ಲಿ, ತಟ್ಟೆಗಳನ್ನು ಎತ್ತಿ ಆಚೆಗೆ ಎಸೆಯಲು ಒಳಗೆ ನುಗ್ಗಿದರು. ಬಾಲವಾಡಿಯ ಕಾಲದಲ್ಲಿ ಒಂದು ದಿನವೂ ಅವರು ಇದರೊಳಗೆ ಕಾಲಿಟ್ಟವರಲ್ಲ. ಮಕ್ಕಳನ್ನು ಬಿಡುವುದು, ಕರೆತರುವುದು ಹೆಂಗಸರ ಕೆಲಸ. ದೊರೆಸಾನಿಯ ವಾಸನೆಯ ಸುದ್ದಿ ಕೇಳಿದ್ದರೇ ಹೊರತು ವಾಸನೆ ನೋಡಿರಲಿಲ್ಲ. ಮೊದಲ ಬೆಂಚಿನ ಹತ್ತಿರ ಹೋದವರು ತಟ್ಟೆಗೆ ಕೈ ಹಾಕಿ ಹಾಗೇ ನಿಂತರು. ಬಗ್ಗಿ ಮೂಸಿದರು. ಒದ್ದೆ ಗೋಣಿ ಸರಿಸಿ ಮತ್ತೆ ಮೂಸಿದರು.

"ಏನಾಯ್ತಣ್ಣಾ?" ಯಾರೋ ಕೇಳಿದರು.

"ಇದು ಸೆಂಟಲ್ಲ" ಎಂದರು ಗಂಗುಲಪ್ಪ.

ಬೆಂಚನ್ನು ಅಡಿಮೇಲು ಮಾಡಿ, ಹಲಗೆ ಹಲಗೆ ಕೂಡುವ ಸಂದಿಗೆ ಉಗುರು ಹಾಕಿ ಕೆರೆದರು. ಬೂದು ಬಣ್ಣದ ಪುಡಿ ಹಿಟ್ಟಿನ ಹಾಗೆ ಉದುರಿತು. ನೀರಿಗೆ ನೆನೆದ ಕಡೆ ಅದು ಪಿಸಿಪಿಸಿಯಾಗಿತ್ತು.

"ಇದು ನಮ್ಮ ಪುಡಿ. ಸೊಸೈಟಿ ಪುಡಿ. ಹುಳದ ಮದ್ದು. ಇದೇ ಬೆಂಚಿನ ಮೇಲೆ ಅಟ್ಟಿ ಒಟ್ಟಿದ್ದು ನಾನೇ ಕಣಯ್ಯಾ, ಮದುವೆಗೆ ಮುಂಚೆ ಹಮಾಲಿ ಮಾಡ್ತಿದ್ನಲ್ಲ ಆಗ. ಮೂಟೆ ಹರಿದು ಸುರೀತಿತ್ತು. ಸಾಯಂಕಾಲ ಮನೆಗೆ ಹೋದ್ರೆ ನಮ್ಮವ್ವ ಬಟ್ಟೆ ಆಚೆ ಬಿಚ್ಚಿಡು ಅಂತಿದ್ಲು, ಈ ವಾಸನೆಗೆ."

ಕದಿರೇಶ ಪುಡಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ನೋಡಿ, ಹೌದೆಂದು ತಲೆಯಾಡಿಸಿದರು. ತೇವಕ್ಕೂ ಒಲೆಯ ಶಾಖಕ್ಕೂ ಮರದೊಳಗೆ ಇಂಗಿದ್ದು ಮೇಲಕ್ಕೆ ಬಂದಿದೆ ಎಂದರು. ಜನ ಉಸಿರು ಬಿಟ್ಟರು. ಗಾಳಿಯೂ ಅಲ್ಲ, ದೊರೆಸಾನಿಯೂ ಅಲ್ಲ. ಒಂದಿಬ್ಬರು ಮುನಿಯಲ್ಲಮ್ಮನ ಕಡೆಗೆ ತಿರುಗಿದರು. ಇಷ್ಟು ವರ್ಷ ಹೊತ್ತ ಹೆಸರು ಆ ಗಳಿಗೆಯಲ್ಲಿ ಕಳಚಿಬಿದ್ದಿತ್ತು. ಅವರು ಅಳಬಹುದು, ಬಯ್ಯಬಹುದು ಎಂದುಕೊಂಡಿದ್ದರೋ ಏನೋ.

ಮುನಿಯಲ್ಲಮ್ಮ ನೋಡುತ್ತಿದ್ದುದು ಬೆಂಚನ್ನು.

"ಮಕ್ಕಳ್ನ ಇದ್ರ ಮೇಲೇ ಮಲಗಿಸ್ತಿದ್ದೆ" ಎಂದರು.

ಮುಂದೆ ಬಂದು ಅದರ ಒಂದು ಅಂಚಿನ ಕಡೆಗೆ ಬೆರಳು ತೋರಿಸಿದರು.

"ನಿನ್ ಮಗ ಈ ಅಂಚು ಚೀಪ್ತಿದ್ದ ದೊಡ್ಡಗಂಗಕ್ಕ. ಚೀಪ್ತಾ ಚೀಪ್ತಾ ನಿದ್ದೆ ಹೋಗ್ತಿದ್ದ. ಎಷ್ಟು ಬಿಡಿಸಿದ್ರೂ ಬಿಡ್ತಿರ್ಲಿಲ್ಲ. ಪಾಪ ಅಂತ ನಾನೂ ಸುಮ್ನಾಗ್ತಿದ್ದೆ."

ದೊಡ್ಡಗಂಗಮ್ಮನ ಸೆರಗು ಮೂಗಿನಿಂದ ಜಾರಿತು. ಗಂಗುಲಪ್ಪ ಕೈಯಲ್ಲಿದ್ದ ಪುಡಿಯನ್ನು ನೋಡಿಕೊಂಡರು. ಒರೆಸಿಕೊಳ್ಳಲೂ ತೋಚದೆ ಕೈಯನ್ನು ದೂರ ಹಿಡಿದು ಆಚೆಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹುಳು ಕಳೆದುಕೊಂಡ ಮನೆಗಳವರು, ಬೈಯಲು ಬಂದವರು, ನೋಡಲು ಬಂದವರು, ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಎಣಿಸಿಕೊಳ್ಳುತ್ತಿದ್ದರು. ಯಾವುದು ವಾಂತಿ ಮಾಡಿಕೊಂಡಿತ್ತು, ಯಾವುದಕ್ಕೆ ನಡುಕ ಬಂದಿತ್ತು, ಯಾವುದನ್ನು ಮಂತ್ರವಾದಿಯ ಹೊಗೆಗೆ ಹಿಡಿದಿದ್ದೆವು. ಹುಳು ಒಂದೇ ರಾತ್ರಿಗೆ ಸತ್ತು ತೋರಿಸಿತ್ತು. ಮಕ್ಕಳು ಅದರ ಮೇಲೆ ಎರಡು ಮಳೆಗಾಲ ಮಲಗಿದ್ದವು.

ಬೆಂಚುಗಳನ್ನು ಸುಡಬಾರದು, ಹೊಗೆಯೂ ಕೆಟ್ಟದು ಎಂದರು ಕದಿರೇಶ. ಬಾವಿಗೂ ಕೆರೆಗೂ ದೂರವಾದ ಕಲ್ಲುನೆಲದಲ್ಲಿ ಗುಂಡಿ ತೋಡಿದರು. ತೋಡಿದವರು ಮುನಿಯಲ್ಲಮ್ಮನ ಗಂಡ ಮತ್ತು ಗಂಗುಲಪ್ಪ. ಬೆಂಚು ಇಳಿಸುವ ಹೊತ್ತಿಗೆ ಆಶೀರ್ವಾದಪ್ಪ ಕೋಲೂರಿಕೊಂಡು ಬಂದರು. ಅವರ ಮದುವೆಯ ದಿನ ಎರಡೂ ಕಡೆಯ ನೆಂಟರು ಕುಳಿತಿದ್ದ ಬೆಂಚುಗಳು. ಅವರು ಟೋಪಿ ತೆಗೆದು, ಮನುಷ್ಯರನ್ನು ಹೂಳುವಾಗ ಹೇಳುವ ಮಾತುಗಳನ್ನೇ ಮೆಲ್ಲಗೆ ಹೇಳಿದರು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಆ ಬೆಳೆ ಹೋಯಿತು. ಚರ್ಚಿನ ಗೋಡೆಯ ಸುಣ್ಣ ಕೆರೆದು, ನೆಲದ ಕಲ್ಲುಗಳ ನಡುವಿನ ಮಣ್ಣು ತೆಗೆದು, ಹೊಸದಾಗಿ ಗಾರೆ ತುಂಬಿದರು. ಆಮೇಲೆ ಮುನಿಯಲ್ಲಮ್ಮ ಒಂದು ಹಿಡಿ ಹುಳುವನ್ನು ಮಾತ್ರ ತಂದು, ಬೆಂಚುಗಳಿದ್ದ ಜಾಗದಲ್ಲೇ ನೆಲಕ್ಕೆ ತಟ್ಟೆಯಿಟ್ಟು ಕಾದರು. ಕಿಟಕಿ ಬಾಗಿಲು ತೆರೆದಿಟ್ಟಿದ್ದರಿಂದ ದಾರಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡುತ್ತಿದ್ದರು. "ಬದುಕವಾ?" ಎಂದು ಕೇಳುವರು. "ಬದುಕವೆ" ಎಂದು ಇವರು ಹೇಳುವರು. ಎರಡು ಜ್ವರವೂ ದಾಟಿತು. ಮೊಟ್ಟೆಯ ಹಾಳೆಗಳು ಮತ್ತೆ ಮಿಟ್ಟ ಹತ್ತಿದವು.

ಹಾಗೆಂದು ಎಲ್ಲವೂ ನೆಟ್ಟಗಾಯಿತೇ ಎಂದರೆ, ಇಲ್ಲ. ಕಾರಣ ತಿಳಿದ ಮೇಲೂ ಅಭ್ಯಾಸ ಹೋಗಲಿಲ್ಲ. ಅರಿಶಿನದ ನೀರು ನಿಂತಿತು. ಆದರೆ ತಟ್ಟೆಗಳು ಮೆಟ್ಟಿಲ ಮೇಲೇ ಕೈ ಬದಲಾಯಿಸಿದವು. ಯಾರ ಹುಳುಮನೆಗೂ ಕರೆ ಬರಲಿಲ್ಲ. "ಏನೋ ಕಣಮ್ಮಾ, ಗಾಳಿ ಇಲ್ಲ ಅಂತ ಗೊತ್ತು, ಆದ್ರೂ ಕಾಲು ಬರಲ್ಲ" ಎಂದು ಮುಖಕ್ಕೇ ಹೇಳಿದವರಿದ್ದಾರೆ. ಮುನಿಯಲ್ಲಮ್ಮನಿಗೆ ಅದಕ್ಕಿಂತ ಬೇರೆ ಕೊರಗು. ಬಾಲವಾಡಿಯ ಮಕ್ಕಳು ಈಗ ಹೈಸ್ಕೂಲಿಗೆ ಹೋಗುವ, ಕುರಿ ಕಾಯುವ, ಸೊಪ್ಪು ಹೊರುವ ವಯಸ್ಸಿನವರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ. "ತಲೆ ನೋಯುತ್ತೇನೋ? ಕೈ ನಡುಗುತ್ತಾ? ಎಲ್ಲಿ, ಕೈ ಚಾಚು."

"ಡಾಕ್ಟ್ರಮ್ಮ ಬಂದ್ರು, ಓಡ್ರೋ" ಎಂದು ಹುಡುಗರು ನಗುತ್ತಾರೆ. ಓಡುವ ಮುಂಚೆ ಕೈ ಮಾತ್ರ ಚಾಚಿ ತೋರಿಸುತ್ತಾರೆ.

"ಎಲ್ಲಾ ಚೆನ್ನಾಗವ್ರೆ ಅಂತಾನೇ ಕಾಣುತ್ತೆ. ಒಳಗೇನೈತೋ ಯಾರಿಗೆ ಗೊತ್ತು. ನಾನ್ ತಾನೇ ಮಲಗಿಸಿದ್ದು" ಅನ್ನುತ್ತಾರೆ ಮುನಿಯಲ್ಲಮ್ಮ. ಅವರದೇನೂ ತಪ್ಪಿಲ್ಲವೆಂದು ಕದಿರೇಶ ಎಷ್ಟೋ ಸಲ ಹೇಳಿದ್ದಾರೆ. ಅವರು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಬಾಗಿಲ ಸಂದಿಗೆ ಮೂಗು ಹಿಡಿಯುವುದನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ.

ಕಳೆದ ಬೆಳೆಯಲ್ಲಿ ಒಂದು ಮಧ್ಯಾಹ್ನ ದೊಡ್ಡಗಂಗಮ್ಮ ಒಬ್ಬರೇ ಮಿಟ್ಟ ಹತ್ತಿ ಬಂದರು. ಈ ಸೀಮೆಯ ಹುಳುಮನೆಗಳಲ್ಲಿ ಒಂದು ಪದ್ಧತಿಯಿದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ, ಮೊದಲ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಡಿಕೆಗೆ, ಎಲ್ಲರೂ ಎತ್ತಿ ಬಿಡುವಂತಿಲ್ಲ. ಕೈಗುಣ ಇರುವ ಹೆಂಗಸೊಬ್ಬಳನ್ನು ಮನೆಯೊಡತಿಯೇ ಹೋಗಿ ಕರೆತರಬೇಕು. ಅವಳ ಕೈಯಿಂದ ಒಂದು ಹುಳು ಹತ್ತಿದ ಮೇಲೆ ಉಳಿದವರು ಮುಟ್ಟಬಹುದು.

"ಹುಳ ಹಣ್ಣಾಗವೆ. ಬಾ" ಎಂದರು ದೊಡ್ಡಗಂಗಮ್ಮ, ಬಾಗಿಲಲ್ಲೇ ನಿಂತು.

"ಎಲ್ಲಿಗೆ?"

"ನಮ್ಮನೆಗೆ. ಇನ್ನೆಲ್ಲಿಗೆ, ಸಿನಿಮಾಕ್ಕಾ?"

"ಕೂಲಿಗೆ ಆಳು ಸಿಗ್ಲಿಲ್ವಾ?"

"ಕೂಲಿಗೆ ಜನ ಬಂದು ಕೂತವ್ರೆ, ನೀನು ಬರ್ಲಿ ಅಂತ. ಕೈ ತೊಳ್ಕೊಂಡು ಬಾರೇ, ಬಿಸಿಲಾಗ್ತಾ ಐತೆ. ನಿನ್ ಕಾಲು ಹಿಡೀಲೇನು ಈಗ?"

ಮುನಿಯಲ್ಲಮ್ಮ ಕೈ ತೊಳೆದರು. ಇಬ್ಬರೂ ಮಿಟ್ಟ ಇಳಿದು ಊರ ನಡುಬೀದಿಯಲ್ಲಿ ನಡೆದುಹೋದರು. ಜಗುಲಿಗಳ ಮೇಲಿದ್ದವರು ಎದ್ದು ನಿಂತು ನೋಡಿದರು. ಗಂಗುಲಪ್ಪನ ಮನೆಯ ಹೊಸ್ತಿಲ ಹತ್ತಿರ ಮುನಿಯಲ್ಲಮ್ಮನ ಕಾಲು ತಾನಾಗಿಯೇ ನಿಂತಿತು. ಒಳಗೆ ತಟ್ಟೆಗಳ ನಡುವೆ ಹೆಂಗಸರು ಕಾದಿದ್ದರು. ಸೊಪ್ಪಿನ ಹೊರೆ ಇಳಿಸಿ ಬಂದ ಆ ಮನೆಯ ಮಗ, ಹದಿಮೂರು ಹದಿನಾಲ್ಕರ ಹುಡುಗ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಗ ಹೇಗನ್ನಿಸಿತು ಎಂದು ಕೇಳುವಾಗ ಮುನಿಯಲ್ಲಮ್ಮ ಮಧ್ಯಾಹ್ನದ ಮೇವಿಗೆ ಸೊಪ್ಪು ಹೆಚ್ಚುತ್ತಿದ್ದಾರೆ, ಕತ್ತಿ ನಿಲ್ಲುವುದಿಲ್ಲ. ಹೆಚ್ಚಿದ್ದನ್ನು ಬೊಗಸೆಯಲ್ಲಿ ಎತ್ತಿ ತಟ್ಟೆಗೆ ಉದುರಿಸಿದ ಮೇಲೆ, ಮುಖ ಆ ಕಡೆ ತಿರುಗಿಸಿಕೊಂಡು ಹೇಳುತ್ತಾರೆ.

"ಅನ್ನಿಸೋದೇನು. ಹಣ್ಣಾದ ಹುಳ ಕೈಗೆ ತಣ್ಣಗಿರುತ್ತೆ, ಎಲ್ರಿಗೂ ಗೊತ್ತಿರೋದೇ. ಎತ್ತಮ್ಮಾ ಅಂದ್ರು. ಎತ್ತಿದೆ."